ಎಳೆತ

ಕೈ ಬಿಟ್ಟರೆ ಸಾಕು, ಕಾರು ಬಲಕ್ಕೆ ಎಳೆಯುತ್ತದೆ,
ಸಂಜೆ ಹಟ್ಟಿಗೆ ಹೊರಟ ದನದ ಹಾಗೆ.
ಹೋದ ತಿಂಗಳು ವಾದಿ ಉಕ್ಕಿ ಕಿತ್ತುಹೋದ ರಸ್ತೆಯಲ್ಲಿ
ಧಡ್ ಎಂದಿತಲ್ಲ, ಅಂದಿನಿಂದ.
ಸನಾಯಿಯಾದ ಗ್ಯಾರೇಜಿನವ ಎರಡು ಸಲ ಐದೈದು ರಿಯಾಲ್ ತಗೊಂಡು
"ಸೀದಾ" ಎಂದು ಬಾನೆಟ್ ತಟ್ಟಿ ಕಳಿಸಿದ.
ಸೀದಾ ಹೋದದ್ದು ದುಡ್ಡು ಮಾತ್ರ.

ಟಯರಿನ ಒಳಅಂಚು ಸವೆದು ನುಣ್ಣಗೆ,
ಹೊರಅಂಚು ಇನ್ನೂ ಹೊಸದರ ಹಾಗೆ ಗೀರುಗೀರು.
ಇನಾಸ ಬೆರಳಾಡಿಸಿ ಹೇಳಿದ:
"ಮಾರಾಯ್ತಿ, ಇದಕ್ಕೆ ಮಿಷನ್ ಬೇಡ,
ಒಂದು ನೂಲು ಬೇಕು, ಒಂದು ಟೇಪು."
ಎರಡೂ ನನ್ನ ಹೊಲಿಗೆ ಡಬ್ಬಿಯಲ್ಲಿದ್ದವು.

ಶುಕ್ರವಾರ, ಬೆಳಗ್ಗೆ ಆರೂವರೆ.
ಸೊಹಾರಿನ ಸಮುದ್ರ ಎರಡು ಬೀದಿ ಆಚೆ,
ಅದರ ಬೆವರು ಆಗಲೇ ನಮ್ಮ ಮೈಮೇಲೆ.
ಬೋರೆ ಮರದಡಿ ಕಾರು. ಮುಂದಿನ ಚಕ್ರಗಳಡಿ
ಎರಡೆರಡು ಟೈಲ್ಸ್, ನಡುವೆ ಹಿಡಿ ಸಕ್ಕರೆ,
ಚಕ್ರ ಸಲೀಸಾಗಿ ಹೊರಳಲಿ ಎಂದು.
ಡಬ್ಬಿಯಲ್ಲಿದ್ದದ್ದೇ ಅಷ್ಟು. ಇರುವೆಗಳಿಗೆ ಸುದ್ದಿ ಮುಟ್ಟಲು
ಹತ್ತು ನಿಮಿಷವೂ ಬೇಕಾಗಲಿಲ್ಲ.
ಸ್ಟೀರಿಂಗನ್ನು ನೆಟ್ಟಗೆ ನಿಲ್ಲಿಸಿ
ನನ್ನ ಹಳೆ ದುಪಟ್ಟಾದಿಂದ ಸೀಟಿಗೆ ಬಿಗಿದೆ.

ನಾಲ್ಕು ಮೂಲೆಗೆ ನಾಲ್ಕು ನೀರಿನ ಕ್ಯಾನು.
ಕ್ಯಾನಿನಿಂದ ಕ್ಯಾನಿಗೆ, ಗುಂಬದ ಎತ್ತರಕ್ಕೆ, ಬಿಳಿ ನೂಲು:
ದಿಶ್ದಾಶಗಳ ಕುತ್ತಿಗೆಗೆ ಗೊಂಡೆ ಕಟ್ಟುವ ಅದೇ ನೂಲು.
ಅಂಗಡಿಯಿಂದ ಚೀಟಿಯಲ್ಲಿ ಅಳತೆ ಬರುತ್ತದೆ;
ಮುಖ ನೋಡದ ಗಂಡಸರ ಹೆಗಲು ನನಗೆ ಬಾಯಿಪಾಠ.
ಕಾರಿಗೆ ಹೆಗಲಿಲ್ಲ. ಆದರೂ ಅಳೆದೆ.
ರಿಮ್ಮಿನ ಮುಂದಂಚಿನಿಂದ ನೂಲಿಗೆ ಐವತ್ತೊಂದು ಮಿಲಿಮೀಟರು,
ಹಿಂದಂಚಿನಿಂದ ಐವತ್ತೈದು.
"ಬಾಯಿ ಬಿಟ್ಟಿದೆ" ಎಂದೆ,
ಗುಂಡಿಪಟ್ಟಿ ಕೂರದ ಅಂಗಿಗೆ ಹೇಳುವ ಹಾಗೆ.

ಇನಾಸನ ಕಾಲೆರಡೇ ಹೊರಗೆ.
ತುಕ್ಕು ಹಿಡಿದ ನಟ್ಟು. ಸ್ಪಾನರಿನ ಸದ್ದು,
ಸಂತ ಅಂತೋನಿಯ ಹೆಸರು,
ಆಮೇಲೆ ಸಂತರ ಎದುರು ಆಡಬಾರದ ಮಾತು.
"ಅರ್ಧ ಸುತ್ತು" ಎಂದೆ. ಸುತ್ತಿದ, ಉಲ್ಟಾ.
ಬಾಯಿ ಇನ್ನಷ್ಟು ತೆರೆಯಿತು.
"ಆ ಕಡೆ ಅಲ್ಲ. ಈಗ ಸರಿ. ಇನ್ನು ಕಾಲು. ಸಾಕು."
ಹದಿನೇಳು ವರ್ಷದ ಸಂಸಾರದಲ್ಲಿ
ನಾನು ಸಾಕೆಂದಲ್ಲಿಗೆ ಅವನು ನಿಂತದ್ದು ಇದೇ ಮೊದಲು.

ಹಿಂದಿನ ಮನೆಯ ಖಲ್ಫಾನ್ ಅಜ್ಜ ಬಂದು ನಿಂತ,
ಕೈಯಲ್ಲಿ ಕಾವಾದ ಪುಟ್ಟ ಬಟ್ಟಲು.
ಖರ್ಜೂರದ ಗರಿದಿಂಡುಗಳನ್ನು ಹಗ್ಗದಲ್ಲಿ ಬಿಗಿದು
ದೋಣಿ ಕಟ್ಟುತ್ತಿದ್ದವನಂತೆ ಒಂದು ಕಾಲಕ್ಕೆ.
ಬಗ್ಗಿ ನೂಲನ್ನು ಬೆರಳಲ್ಲಿ ಮೀಟಿದ. ಮುಖ ಹುಳ್ಳಗೆ ಮಾಡಿದ.
ಕ್ಯಾನನ್ನು ಕಾಲಲ್ಲಿ ನಾಲ್ಕು ಬೆರಳು ಆಚೆ ದೂಡಿ
ಮತ್ತೆ ಮೀಟಿದ. ಈಗ ನೂಲು ಗುಂಯ್ ಎಂದಿತು.
ಎಲ್ಲ ಮೊದಲಿಂದ ಅಳೆಯಬೇಕಾಯಿತು.

ಕನ್ನಡದಲ್ಲಿ ಎಳೆ ಎಂದರೆ ನೂಲು, ಎಳೆ ಎಂದರೆ ಜಗ್ಗು.
ನಮ್ಮ ಕೊಂಕಣಿಯಲ್ಲಿ ಈ ಸೌಕರ್ಯ ಇಲ್ಲ.

ಕೊನೆಗೆ ಎರಡೂ ಕಡೆ ಮುಂದೆ ಐವತ್ತನಾಲ್ಕು, ಹಿಂದೆ ಐವತ್ತಮೂರು.
ಪೂರಾ ನೇರ ಬೇಡವಂತೆ, ಕೂದಲಷ್ಟು ಒಳಕ್ಕೆ;
ಓಡುವಾಗ ರಸ್ತೆಯೇ ಹೊರಕ್ಕೆ ತಳ್ಳಿ ಸರಿಮಾಡುತ್ತದಂತೆ.
ಇದನ್ನು ನನಗೆ ಹೇಳಿಕೊಡಬೇಕೇ?
ಮೈಯಳತೆಗೆ ಸರಿಯಾಗಿ ಹೊಲಿದ ಬಟ್ಟೆಯಲ್ಲಿ
ಯಾರೂ ಕೂತು ಏಳಲಾರರು.

ಕಡಲಬದಿಯ ರಸ್ತೆ ಖಾಲಿ. ಇನಾಸ ಕೈ ಬಿಟ್ಟ.
ನಾನು ಉಸಿರು ಹಿಡಿದೆ.
ನೆಟ್ಟಗೆ. ಮೀನು ಮಾರುಕಟ್ಟೆ ದಾಟಿತು, ಬಿಳಿ ಕೋಟೆ ದಾಟಿತು,
ಕಾರು ಯಾರ ಕಡೆಗೂ ವಾಲಲಿಲ್ಲ.
ಸ್ಟೀರಿಂಗ್ ಮಾತ್ರ ಎಡಕ್ಕೆ ಓರೆ,
ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟ ತಲೆಯ ಹಾಗೆ.
ದುಪಟ್ಟಾದ ಗಂಟು ನಡುವೆ ಎಲ್ಲೋ ಜಾರಿತ್ತು.
"ಯಾರು ಕಟ್ಟಿದ್ದು?" ಎಂದ ಇನಾಸ.
ನಾನು ಸಮುದ್ರ ನೋಡಿದೆ, ತುಸು ಹೊತ್ತು.
ಮನೆಯಲ್ಲಿ ಸಕ್ಕರೆ ಇಲ್ಲ, ತಗೊಂಡು ಹೋಗುವ ಎಂದೆ.