ಬುಟ್ಟಿ ಕಳೆದು

ಅಂಗಡಿಯ ಹುಡುಗ ಮೆಲ್ಲಗೆ ಕೇಳಿದ,
ಮದುವೆಮನೆಯಲ್ಲಿ ಸಾಲ ಕೇಳುವವನ ದನಿಯಲ್ಲಿ:
'ಅಂಕಲ್, ತಮ್ಮದು... ವೆಯ್ಟು?'

ಮೂವತ್ತನಾಲ್ಕು ವರ್ಷ
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತಕ್ಕಡಿಯ ಪಕ್ಕ ನಿಂತವನು ನಾನು.
ಎತ್ತಿಡು, ಮುಳ್ಳು ನಿಲ್ಲಲಿ, ಬುಟ್ಟಿ ಕಳೆ, ಬರೆ.
ಬೆರಳಿಗೆ ಗೂಡಿನ ನವಿರು ಅಂಟಿ
ಅನ್ನ ಕಲಸುವಾಗಲೂ ಅದರದೇ ವಾಸನೆ.
ಊರ ಬೆಳೆಯನ್ನೆಲ್ಲ ತೂಗಿದವನನ್ನು
ಯಾರೂ ತೂಗಿರಲಿಲ್ಲ.

'ನೂರ ಏಳು' ಎಂದೆ.
ಮೂರು ಕೇಜಿ ಮುಚ್ಚಿಟ್ಟಿದ್ದೆ.
ತೂಕದಲ್ಲಿ ನಾನು ಮಾಡಿದ ಮೊದಲ ಮೋಸ,
ಅದೂ ನನ್ನದೇ ಮೈಯಲ್ಲಿ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆ.
ಸಾಲಾಗಿ ನಿಂತಿವೆ ಕರೆಂಟಿನ ಸೈಕಲ್ಲುಗಳು,
ಸೊಂಟ ಸಣ್ಣ, ಸೀಟು ಸಣ್ಣ;
ಗೋಡೆಯ ಪಟದಲ್ಲಿ ಅದನ್ನೇರಿದ ಹುಡುಗನಿಗೆ
ಹೊಟ್ಟೆಯೆಂಬುದೇ ಇಲ್ಲ.
ಮೊದಲನೆಯದರ ಚೀಟಿ: ನೂರು ಕೇಜಿವರೆಗೆ.
ಎರಡನೆಯದು: ನೂರ ಹತ್ತು.
ಅದು ಬರಿಮೈಯ ಲೆಕ್ಕವೋ, ಸಂತೆಯಿಂದ ಬರುವಾಗಿನ ಲೆಕ್ಕವೋ?
ಐದು ಕೇಜಿ ರಾಗಿಹಿಟ್ಟು, ಒಂದು ಸೋರೆಕಾಯಿ,
ಗಂಗುಲಮ್ಮನ ಮಾತ್ರೆಯ ಚೀಲ,
ಇದಕ್ಕೆಲ್ಲ ಬುಟ್ಟಿ ಕಳೆಯುವುದುಂಟೋ?
ಹುಡುಗ ಕಂಪನಿಗೆ ಫೋನು ಮಾಡಿದ.
ಕಂಪನಿ ಬಹಳ ಹೊತ್ತು ಹಾಡು ಕೇಳಿಸಿತು.

ಹೋದ ದೀಪಾವಳಿಗೆ ಹಳೆಯ ಸೈಕಲ್ಲಿನ
ಹಿಂದಿನ ಚಕ್ರ ಎಂಟಾಗಿತ್ತು.
ಬೆಂಡು ತೆಗೆಯುತ್ತ ಜಬೀವುಲ್ಲಾ
'ತಪ್ಪು ಚಕ್ರದ್ದಲ್ಲ ಪಿಳ್ಳಣ್ಣ' ಎಂದಷ್ಟೇ ಹೇಳಿ
ಟೀ ತರಿಸಿದ.
ಅವನೇ ಕಲಿಸಿ ಕಳಿಸಿದ್ದು:
ಮೋಟಾರು ಕೇಳಬೇಡ, ಮೈಲೇಜು ಕೇಳಬೇಡ,
ಮೊದಲು ಹಿಂದಿನ ಚಕ್ರದ ಕಡ್ಡಿಯನ್ನು
ಉಗುರಲ್ಲಿ ಮೀಟಿ ನೋಡು.
ಬಿಗಿಯಾಗಿದ್ದರೆ ಗಂಟೆ, ಸಡಿಲಿದ್ದರೆ ಕೆಮ್ಮು.
ಆಮೇಲೆ ಬ್ರೇಕು. ನಮ್ಮಂಥವರಿಗೆ
ಹೋಗುವುದಕ್ಕೆ ಒಂದು ಇಳಿಜಾರು ಸಾಕು,
ನಿಲ್ಲುವುದಕ್ಕೇ ಖರ್ಚು ಜಾಸ್ತಿ.

ಹಾಗೆ ಅಂಗಡಿಯುದ್ದಕ್ಕೂ ಮೀಟುತ್ತ ಬಂದೆ.
ಒಂದು ಕೆಮ್ಮಿತು. ಇನ್ನೊಂದೂ ಕೆಮ್ಮಿತು.
ಮೂಲೆಯದು ಗಂಟೆ ಹೊಡೆಯಿತು.
ಚೀಟಿಯಲ್ಲಿ ನೂರ ನಲವತ್ತು,
ಮೊಳಕಾಲೆತ್ತರದ ಬಾರು, ಮುಂದೊಂದು ಬುಟ್ಟಿ,
ಬಣ್ಣ ಸೀಬೆಹಣ್ಣಿನ ಒಳಗಿನ ಕೆಂಪು.
'ಅದು ಲೇಡೀಸ್ ಮಾಡೆಲ್ಲು' ಎಂದ ಹುಡುಗ
ಗಂಡಸರದಕ್ಕೆ ಕಾಲು ಹಾರಿಸಿ ತೋರಿಸಿದ.
ನೋಡಿದ್ದಕ್ಕೇ ನನ್ನ ಮಂಡಿ ನೊಂದಿತು.

ಕಂದವಾರ ಕೆರೆಯ ಏರಿಗೆ ಕೆಂಪನೆಯದನ್ನೇ ಹತ್ತಿಸಿದೆ.
ಮೂರು ತುಳಿತದವರೆಗೆ ಏನಿಲ್ಲ:
ನಾನು, ನನ್ನ ಉಸಿರು, ಚೈನು.
ನಾಲ್ಕನೆಯದಕ್ಕೆ
ಯಾರೋ ಹಿಂದಿನಿಂದ ಕೈ ಕೊಟ್ಟರು.
ತಿರುಗಿ ನೋಡಿದೆ. ನಿಜ ಹೇಳುತ್ತೇನೆ,
ತಿರುಗಿ ನೋಡಿದೆ.
ಹಮಾಲಿ ವೆಂಕಟರೋಣಪ್ಪ ಹೀಗೆಯೇ
ಮಾತಾಡದೆ ಬಂದು
ಕ್ರೇಟಿನ ಇನ್ನೊಂದು ತುದಿ ಹಿಡಿಯುತ್ತಿದ್ದ.
ಭಾರ ಅಷ್ಟೇ ಇರುತ್ತಿತ್ತು,
ನನ್ನ ಪಾಲು ಮಾತ್ರ ಕಡಿಮೆ.
ಅವನು ಹೋಗಿ ಆರು ವರ್ಷ.
ಏರಿಯ ತುದಿಯಲ್ಲಿ ನಂದಿಬೆಟ್ಟ ಕಾಣಿಸಿತು,
ಬ್ರೇಕು ಹಿಡಿದೆ. ನಿಂತಿತು. ನಿಂತೆ.

ಚೀಟಿ ಎತ್ತಿದ ದುಡ್ಡು ಎಣಿಸಿ ಕೊಡುವಾಗ
ಹುಡುಗನಿಗೆ ಹೇಳಿದೆ: 'ನೂರ ಹತ್ತು ಕಣಪ್ಪ,
ಆಗ ಸುಳ್ಳು ಹೇಳಿದ್ದೆ.'
'ಎಲ್ಲರೂ ಹೇಳ್ತಾರೆ ಅಂಕಲ್,
ನಾನು ಹತ್ತು ಸೇರಿಸ್ಕೊಂಡೇ ತೋರಿಸೋದು.'

ಸಂಜೆ ಮಾರುಕಟ್ಟೆ ಖಾಲಿಯಾದ ಮೇಲೆ
ಸೈಕಲ್ಲಿನ ಸಮೇತ ತಕ್ಕಡಿ ಹತ್ತಿದೆ.
ನೂರ ಮೂವತ್ತಾರು.
ಬುಟ್ಟಿಯ ಬದಲು ಸೈಕಲ್ಲು, ಇಪ್ಪತ್ತಾರು; ಕಳೆದೆ.
ಏಳು ಕೇಜಿ ಗೂಡಿಗೆ ಒಂದು ಕೇಜಿ ನೂಲು
ಎಂಬುದು ನಮ್ಮ ಕಡೆಯ ಲೆಕ್ಕ.
ಹಾಗಾದರೆ ನನ್ನಲ್ಲಿ ಹದಿನೈದೂವರೆ ಚಿಲ್ಲರೆ.
ಉಳಿದದ್ದು ನೀರು, ಹುಳ.
ಪರವಾಗಿಲ್ಲ, ಇದಕ್ಕಿಂತ ಜಿಲ್ಲಿ ಗೂಡು ನೋಡಿದ್ದೇನೆ.

ಜಬೀವುಲ್ಲಾ ಬಾಗಿಲಲ್ಲಿ ನಿಂತು ಕೂಗಿದ:
'ಒಂದೇ ಲಾಟು, ಹಳೇ ಗೂಡು, ಬಿಡ್ಡು ಹಾಕೋರು ಯಾರು?'
'ಗೂಡು ನೀವೇ ಇಟ್ಕೊಳಿ' ಎಂದಳು ಗಂಗುಲಮ್ಮ,
ಸೀರೆಯ ನೆರಿಗೆ ಒಂದಿಷ್ಟು ಮೇಲೆ ಸಿಕ್ಕಿಸಿ
ತಗ್ಗಿನ ಬಾರು ದಾಟಿ ಸೀಟಿನಲ್ಲಿ ಕೂತು
ಗಂಟೆ ಎಲ್ಲಿದೆ ಎಂದು ಕೇಳಲಿಲ್ಲ.
'ಬ್ರೇಕು ಯಾವುದು ಇದರಲ್ಲಿ?'