ಹತ್ತರ ನಾಣ್ಯದಷ್ಟು

ಬೆಳಿಗ್ಗೆ ಐದೂ ನಲವತ್ತಕ್ಕೆ ನೀರು ಬರುತ್ತದೆ ಡೊಂಬಿವಿಲಿಯಲ್ಲಿ,
ಆರೂ ಇಪ್ಪತ್ತಕ್ಕೆ ಹೋಗುತ್ತದೆ.
ಹೋದ ಮೇಲೂ ತೊಟ್ಟಿಕ್ಕುತ್ತಿದ್ದ ನಲ್ಲಿಗೆ
ಎರಡೇ ದಿನದಲ್ಲಿ ಪ್ಲಂಬರ್ ಕರೆಸಿದೆ.
ವಾಶರ್ ಸವೆದಿದೆ ತಾಯೀ, ಎಂದ
(ಅವರ ತಾಯಿ ಎಂದರೆ ನಮ್ಮ ಅಕ್ಕ),
ನೂರೈವತ್ತು ತೆಗೆದುಕೊಂಡ.

ನನಗೆ ಆವತ್ತು ಹದಿನೇಳನೆಯ ದಿನ.
ಯಾರನ್ನೂ ಕರೆಸಿರಲಿಲ್ಲ.

ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ ನೀಲಿ ಪೆನ್ನಲ್ಲಿ;
ನನ್ನದು ಮೂಲೆಯಲ್ಲೊಂದು ಚುಕ್ಕೆ, ಕೇಳಿದರೆ ನೊಣದ್ದು ಅನ್ನಬಹುದು.
ಹಿಂದೆಲ್ಲ ನಾಲ್ಕು, ಹೆಚ್ಚೆಂದರೆ ಐದು.
ಈ ಮಳೆಗಾಲದಿಂದ ಚುಕ್ಕೆಗಳು ಸಾಲುಗಟ್ಟಿ
ಹಾಲು ಬಾರದ ದಿನಗಳಿಗೂ ಹಬ್ಬಿದವು.

ಅಜ್ಜಿ ಅನ್ನುತ್ತಿದ್ದಳು: ಕಾಗೆ ಮುಟ್ಟಿದೆ.
ಮುಟ್ಟಿ, ಮೂರು ದಿನ ಕೂತು, ಹಾರಿಹೋಗುವ ಹಕ್ಕಿ ಅದು.
ಇದ್ಯಾವ ಕಾಗೆಯೋ ಮಾರಾಯ್ತಿ,
ನನ್ನ ಗ್ರಿಲ್ಲಿನಲ್ಲೇ ಗೂಡು ಕಟ್ಟಿತು.

ಪಿಸುಮಾತಲ್ಲಿ ಕೇಳಿದೆ.
ನಲವತ್ತನಾಲ್ಕಲ್ಲವಾ, ನಿಲ್ಲುವ ಮುಂಚೆ ಹೀಗೇ, ಎಂದಳು ಅತ್ತಿಗೆ.
ದಾಳಿಂಬೆ ಸಿಪ್ಪೆ ಕುದಿಸಿ ಕುಡಿ, ಎಂದಳು ಮೂರನೇ ಮಾಳಿಗೆಯ ವೈಜಯಂತಿ.
ಕುಡಿದೆ.
ನಿಂತದ್ದು ನಾಲಿಗೆಯ ಮೇಲಿನ ಒಗರು ಮಾತ್ರ.

ಘಾಟ್‌ಕೋಪರಿನ ಪತಪೇಢಿಯಲ್ಲಿ ಕ್ಯಾಶಿಯರ್ ನಾನು, ಹತ್ತೊಂಬತ್ತು ವರ್ಷ.
ದಿನದ ಕೊನೆಗೆ ಒಂದು ರೂಪಾಯಿ ಹೆಚ್ಚುಕಮ್ಮಿ ಇದ್ದರೂ
ಶಟರ್ ಎಳೆಯಗೊಡುವವಳಲ್ಲ.
ಆದರೆ ಗಂಟೆಗೊಮ್ಮೆ ಎದ್ದು, ಚೀಲದೊಳಗೆ ಕೈಯಾಡಿಸಿ,
ಚಿಲಕ ಸರಿಯಿಲ್ಲದ ಆ ಶೌಚಾಲಯಕ್ಕೆ ಹೋಗಿಬರುವ ಲೆಕ್ಕ
ಯಾವ ಪುಟದಲ್ಲೂ ಬರೆದಿರಲಿಲ್ಲ.
ನೋಟು ಎಣಿಸುವಾಗ ಎಪ್ಪತ್ತರಾಚೆ ಮರೆಯುತ್ತಿತ್ತು.
ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ
ನನ್ನನ್ನು ಬಿಟ್ಟು ಮುಂದೆ ಓಡುತ್ತಿತ್ತು.

ಆ ಮಂಗಳವಾರ ಸಂಜೆ, ಹೆಂಗಸರ ಡಬ್ಬಿ, ಮುಲುಂಡ್ ದಾಟಿತ್ತು.
ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದವಳೊಬ್ಬಳು ಎದ್ದು
ತನ್ನ ಓಢಣಿಯನ್ನು ನನ್ನ ಸೊಂಟಕ್ಕೆ ಸುತ್ತಿದಳು.
ಏನೂ ಕೇಳಲಿಲ್ಲ. ಗಂಟು ಬಿಗಿದು, ಮರಾಠಿಯಲ್ಲಿ ಅಂದಳು:
ನನ್ನ ತಂಗಿಯೂ ನಾಳೆ ನಾಳೆ ಅನ್ನುತ್ತಿದ್ದಳು.
ನೀನು ಠಾಣೆಯಲ್ಲಿ ಇಳಿ.

ಡಾಕ್ಟರ್ ಕಾರ್ಖಾನೀಸ್ ಬಾಯಿ ಕನ್ನಡಕ ಮೇಲೆತ್ತಿದರು.
ಎಷ್ಟು ಹೋಗುತ್ತದೆ?
ತುಂಬಾ.
ತುಂಬಾ ಎಂದರೆ? ಗಂಟೆಗೊಂದು ಪ್ಯಾಡ್ ತೊಯ್ಯುತ್ತದೆಯೇ,
ರಾತ್ರಿ ಎದ್ದು ಬದಲಿಸುತ್ತೀರಾ,
ಗಡ್ಡೆ ಬೀಳುತ್ತದೆಯೇ, ಎಷ್ಟು ದೊಡ್ಡದು?

ಇಷ್ಟು ವರ್ಷಕ್ಕೆ ಮೊದಲ ಬಾರಿ ಒಬ್ಬರು
ನನ್ನ ರಕ್ತವನ್ನು ಸಂಖ್ಯೆಯಲ್ಲಿ ಕೇಳಿದರು.
ಬೆರಳುಗಳು ತಾವಾಗಿ ಮೇಜಿನ ಮೇಲೆ ದುಂಡಗಾದವು:
ಐದರದ್ದಲ್ಲ ಮೇಡಂ, ಹತ್ತರ ನಾಣ್ಯದಷ್ಟು.
ಕೆಲವೊಮ್ಮೆ ಅದಕ್ಕೂ ದೊಡ್ಡದು.
ಅವರು ಬರೆದುಕೊಂಡರು. ಮುಖ ಸಿಂಡರಿಸಲಿಲ್ಲ.

ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂದು.
ನನ್ನ ತಿಜೋರಿ ಹೀಗೆ ಬರಿದಾಗಿದ್ದರೆ
ಅಂದೇ ಪೊಲೀಸರು ಬರುತ್ತಿದ್ದರು.
ಸೋನೋಗ್ರಫಿಯ ಬೂದು ಮಂಜಿನಲ್ಲಿ
ಗರ್ಭಕೋಶದ ಗೋಡೆಗಂಟಿ ಒಂದು ಲಿಂಬೆಹಣ್ಣು.
ಕೆಟ್ಟದ್ದಾ?
ಹೆಚ್ಚಾಗಿ ಅಲ್ಲ, ಆದರೂ ಒಳಪದರದ ಚೂರು ಪರೀಕ್ಷೆಗೆ ಹೋಗಲಿ, ಎಂದರು.
ಏಳು ದಿನ ದಾಟಿದಾಗಲೇ ಬರಬೇಕಿತ್ತು.
ವಯಸ್ಸಾಯಿತೆಂದು ಸುಮ್ಮನಿರಲು
ಇದೇನು ನೆರೆಗೂದಲೇ?

ವರದಿ ಶುಕ್ರವಾರಕ್ಕೆ.
ಕಬ್ಬಿಣದ ಬಾಟಲಿ ತೊಟ್ಟು ತೊಟ್ಟಾಗಿ ಕೈಗೆ ಇಳಿಯುವಾಗ
ಈ ತೊಟ್ಟಿಕ್ಕುವುದನ್ನು ಯಾಕೋ ನೋಡುತ್ತಲೇ ಇದ್ದೆ.
ಮಗಳು ಋಜುತಾಗೆ ಹದಿಮೂರು. ಕ್ಯಾಲೆಂಡರಿನ ಚುಕ್ಕೆ ತೋರಿಸಿದೆ.
ಅಯ್ಯೋ, ನೊಣ ಅಂದ್ಕೊಂಡಿದ್ದೆ, ಎಂದಳು.

ಓಢಣಿ ಒಗೆದು, ಇಸ್ತ್ರಿ ಹಾಕಿ, ಚೀಲದಲ್ಲಿಟ್ಟು ತಿರುಗುತ್ತಿದ್ದೇನೆ.
ಮೆಂತ್ಯ ಬಿಡಿಸುವ ಕೈ ಕಂಡಲ್ಲೆಲ್ಲ ಮುಖ ನೋಡುತ್ತೇನೆ.
ಸಿಕ್ಕಿಲ್ಲ.
ನಿನ್ನೆ ಬಾಗಿಲ ಕಂಬಕ್ಕೆ ಒರಗಿ ಒಬ್ಬ ಹುಡುಗಿ,
ಸುಣ್ಣದಂಥ ತುಟಿ, ಎರಡೂ ಕೈ ಕಿಬ್ಬೊಟ್ಟೆಯ ಮೇಲೆ.
ಜನ ತಳ್ಳುತ್ತಿದ್ದರು. ನುಸುಳಿ ಹತ್ತಿರ ಹೋಗಿ,
ಯಾವ ಭಾಷೆಯವಳೋ ತಿಳಿಯದೆ,
ಮೂರೂ ಭಾಷೆಗಳಲ್ಲಿ ಕೇಳಿದೆ:
ಇದು ಎಷ್ಟನೆಯ ದಿನ?