ಹದಿನಾಲ್ಕನೇ ಪೆಟ್ಟಿಗೆ

ಉಪ್ಪಿನ ದಾರೋಗ ಇದ್ದ ಮಾಳಿಗೆಮನೆ
ಈಗ ಸಂಗ್ರಹಾಲಯ. ಟಿಕೇಟು ಹತ್ತು ರೂಪಾಯಿ,
ಊರಿನವರಿಗೆ ಐದು,
ಸೋಮವಾರ ರಜೆ.
ಟಿಕೇಟು ಹರಿಯುವವ, ಕಸ ಗುಡಿಸುವವ,
ಕೇಳಿದರೆ ಇತಿಹಾಸ ಹೇಳುವವ,
ಮೂರೂ ನಾನೇ.

ಬೆಳಿಗ್ಗೆ ಮೊದಲ ಕೆಲಸ ಗಾಜು ಒರೆಸುವುದು.
ಸಾಣಿಕಟ್ಟೆಯ ಗಾಳಿ ರಾತ್ರಿ ಒಳಗೆ ಬಂದು
ತನ್ನ ಸಾಮಾನು ತಾನೇ ನೋಡಿ ಹೋಗಿರುತ್ತದೆ
ಟಿಕೇಟಿಲ್ಲದೆ, ಬೆರಳಿನ ಗುರುತು ಬಿಟ್ಟು.
ನೆಕ್ಕಿದರೆ ಉಪ್ಪು.
ನೆಕ್ಕಿದ್ದೇನೆ, ಒಮ್ಮೆ.

ಹಿತ್ತಾಳೆ ಮುದ್ರೆ, ಕೈಬೀಗ, ತಕ್ಕಡಿ,
ಒಂದು ಬದಿ ಸವೆದ ಗೋರುಮಣೆ,
ಗೆದ್ದಲು ತಿಂದು ಮೀಸೆಯಷ್ಟೇ ಉಳಿದ ಫೋಟೋ.
ಹದಿನಾಲ್ಕನೇ ಪೆಟ್ಟಿಗೆಯಲ್ಲಿ ದುರ್ಬೀನು.
ಕೆಳಗೆ ಚೀಟಿ:
‘ದಾರೋಗರು ಹಡಗುಗಳನ್ನು ನೋಡಲು ಬಳಸುತ್ತಿದ್ದುದು.’
ಚೀಟಿ ಕಾರವಾರದಿಂದ ಅಚ್ಚಾಗಿ ಬಂದದ್ದು,
ನಾನು ಅಂಟಿಸಿದ್ದು ಮಾತ್ರ.

ಬುದವಂತಿ ಆಗೇರ ಬಂದದ್ದು ಒಂದು ಶುಕ್ರವಾರ,
ಜೊತೆಗೆ ಮೊಮ್ಮಗಳು ಮಹಿಮಾ, ಎರಡನೇ ಇಯತ್ತೆ.
ಎಲೆಯಡಿಕೆ ಸಂಚಿಯಿಂದ ಐದರ ನಾಣ್ಯ ತೆಗೆದಳು.
ಮೂವತ್ತೆರಡು ವರ್ಷ ಕೆಳಗಿನ ಕಿಂಡಿಯಲ್ಲಿ
ಕೂಲಿ ಎಣಿಸಿಕೊಂಡವಳು
ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಳು.
ಹಾಕ್ಕೊಂಡೇ ಬರಬಹುದು, ಅಂದೆ.
ಬಿಟ್ಟೇ ಬಂದಳು.

ತಕ್ಕಡಿ ನೋಡಲಿಲ್ಲ. ಗೋರುಮಣೆ ಯಾರದ್ದೆಂದು
ಕೇಳಲಿಲ್ಲ. ನೆಟ್ಟಗೆ ಹೋಗಿ
ಕಿಟಕಿಗೆ ನಿಂತಳು.
ಕೆಳಗೆ ಆಗರ: ಕಟ್ಟಿದ ನೀರಿನ ಚೌಕ, ಚೌಕ, ಚೌಕ,
ನಡುವೆ ಬದು, ಬದುವಿನ ಮೇಲೆ ಬಿಳಿ ಗುಪ್ಪೆ.
ಹುಡುಗಿಯನ್ನು ಓಡಿಸಿದಳು,
‘ಹೋಗೆ, ಆ ಮೂರನೇ ಬದುವಿನ ಮೇಲೆ ನಿಲ್ಲು.’

ನಿಂತಳು.
ಇಲ್ಲಿಂದ ಒಂದು ಉಗುರಿನಷ್ಟು.

‘ತಮಾ, ಮುಖ ಕಾಣ್ತದ್ಯಾ ನಿಂಗೆ?’
ಇಲ್ಲ.
‘ನಂಗೂ ಇಲ್ಲ. ಅಂವ ಇಲ್ಲೇ ನಿಂತ್ಕಂಡು
ಹೆಸ್ರು ಹಿಡ್ದೇ ಕೂಗ್ತಿದ್ದ.
ಬುದವಂತೀ, ಕೂತ್ಕಳ್ಬೇಡ.
ಸುಕ್ರೀ, ಮಡಿಲಲ್ಲಿ ಏನದು.
ದೆವ್ವದ ಕಣ್ಣು ಅಂತಿದ್ವು ನಾವು.
ಮಕ್ಕಳಿಗೆ ಹಾಲು ಕೊಡೂದಾದ್ರೂ
ಈ ಬಂಗ್ಲೆಗೆ ಬೆನ್ನು ಹಾಕಿ.’

ಹದಿನಾಲ್ಕನೇ ಪೆಟ್ಟಿಗೆಗೆ ಕರೆದೊಯ್ದು
ಚೀಟಿ ಓದಿ ಹೇಳಿದೆ.
ಕೇಳಿದಳು. ಕಿಟಕಿ ನೋಡಿದಳು. ಮತ್ತೆ ಪೆಟ್ಟಿಗೆ.
‘ಹಡಗಾ?
ಸಮುದ್ರ ಗುಡ್ಡದ ಆಚಿಗಲ್ವಾ ತಮಾ?’

ಎಂಟು ವರ್ಷದಿಂದ ಈ ಗಾಜು ಒರೆಸುತ್ತಿದ್ದೇನೆ.

ಮುಟ್ಟಬಾರದು ಎಂಬ ಬೋರ್ಡಿನ ಪಕ್ಕವೇ
ಬೀಗ ತೆಗೆದೆ.
ದುರ್ಬೀನು ಕಣ್ಣಿಗಿಟ್ಟು ಬಹಳ ಹೊತ್ತು ನಿಂತಳು.
‘ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹಾಕ್ತದೆ ಪೋರಿ’
ಅಂದಳು. ಆಮೇಲೆ ಸರಳಿಗೆ ಮುಖವಿಟ್ಟು,
ಇಡೀ ಆಗರಕ್ಕೆ ಕೇಳುವ ಹಾಗೆ,
‘ಮಹಿಮಾ! ಕೂತ್ಕಳೇ! ಕೂತ್ಕ!’

ಹುಡುಗಿ, ಯಾಕೆಂದು ಗೊತ್ತಿಲ್ಲದೆ,
ಬದುವಿನ ಮೇಲೆ ಕೂತಳು.

ಹೋಗುವಾಗ ಅಭಿಪ್ರಾಯ ಪುಸ್ತಕ ಕೊಟ್ಟೆ.
ಅಜ್ಜಿಯ ಪರವಾಗಿ ಮೊಮ್ಮಗಳು ಬರೆದಳು:
‘ಚೆನ್ನಾಗಿದೆ. ಕುಂಡೆ ಸುಟ್ಟಿತು.’

ಚೀಟಿ ಬದಲಿಸಲು ಕಾರವಾರದ ಮಂಜೂರಾತಿ ಬೇಕು.
ಅರ್ಜಿ ಕಳಿಸಿ ಎರಡು ಮಳೆಗಾಲ ಆಯಿತು.
ಈಗ ಬಸ್ಸಿಳಿದು ಬಂದವರನ್ನು
ಮೊದಲು ಕಿಟಕಿಗೇ ಕರೆದೊಯ್ಯುತ್ತೇನೆ,
ದುರ್ಬೀನು ಕೈಗೆ ಕೊಟ್ಟು
ಸಮುದ್ರ ಹುಡುಕಿ ಅನ್ನುತ್ತೇನೆ.
ಹುಡುಕುತ್ತಾರೆ.
ಕೆಲವರು, ಚೀಟಿ ಓದಿಕೊಂಡವರು,
ಕಂಡಿತು ಎನ್ನುತ್ತಾರೆ.